ಗುಳೆ ಹೋಗುವ ಕೂಸು, ಉಳಿದುಹೋಗುವ ಲಸಿಕೆ

ವಾಡಿ ಜಂಕ್ಷನ್ನಿನಲ್ಲಿ ನಿಂತರೆ ಕಲಬುರಗಿ ಜಿಲ್ಲೆಯ ದುಡಿಮೆಯ ದಿಕ್ಕುಗಳೆಲ್ಲ ಕಾಣುತ್ತವೆ. ಒಂದು ಹಳಿ ಶಹಾಬಾದ್ ದಾಟಿ ಸೊಲ್ಲಾಪುರ, ಪುಣೆ, ಮುಂಬೈ ಕಡೆ ಹೋಗುತ್ತದೆ. ಇನ್ನೊಂದು ಚಿತ್ತಾಪುರ, ಮಳಖೇಡ, ಸೇಡಂ, ತಾಂಡೂರು ಹಾದು ಸಿಕಂದರಾಬಾದಿಗೆ. ಮೂರನೆಯದು ಯಾದಗಿರಿ, ರಾಯಚೂರಿನತ್ತ ಇಳಿದು ಮುಂದೆ ಬೆಂಗಳೂರಿಗೆ ಮುಟ್ಟಿಸುತ್ತದೆ. ಚಿಂಚೋಳಿಗೆ ಮಾತ್ರ ರೈಲಿಲ್ಲ. ಅಲ್ಲಿನ ತಾಂಡಾಗಳ ಜನ ಬಸ್ಸು, ಟಂಟಂ ಹಿಡಿದು ಹೊರಡುತ್ತಾರೆ. ತೊಗರಿ ರಾಶಿ ಮುಗಿದ ಮೇಲೆ ಹೊಲದಲ್ಲಿ ಕೆಲಸ ಇರುವುದಿಲ್ಲ. ಆಗ ಗಂಡ, ಹೆಂಡತಿ, ಗಂಟುಮೂಟೆ, ಜೊತೆಗೆ ಕಂಕುಳಲ್ಲೊಂದು ಕೂಸು ಊರು ಬಿಡುತ್ತವೆ. ಮನೆಯ ಹಿರಿಯರು ಊರಲ್ಲೇ ಉಳಿಯುತ್ತಾರೆ. ಎಷ್ಟೋ ಸಲ ಕೂಸಿನ ಲಸಿಕೆ ಬರೆದಿಡುವ ‘ತಾಯಿ ಕಾರ್ಡ್’ ಕೂಡ ಗೂಡಿನಲ್ಲೇ ಉಳಿಯುತ್ತದೆ.

ಮಕ್ಕಳ ಲಸಿಕೆಯ ಮಾತು ಬಂದಾಗಲೆಲ್ಲ ಜನರ ತಿಳಿವಳಿಕೆಯ ಕೊರತೆಯ ಬಗ್ಗೆ ಬಹಳ ಹೇಳಲಾಗುತ್ತದೆ. ಸೇಡಂ, ಚಿತ್ತಾಪುರ, ಶಹಾಬಾದ್, ಚಿಂಚೋಳಿ ಭಾಗದ ಬದುಕನ್ನು ಹತ್ತಿರದಿಂದ ನೋಡಿದರೆ ತೊಡಕು ಬೇರೆ ಕಡೆ ಇದೆ ಎನಿಸುತ್ತದೆ. ಲಸಿಕೆಗೊಂದು ಪಂಚಾಂಗವಿದೆ, ಗುಳೆಗೂ ಒಂದು ಪಂಚಾಂಗವಿದೆ. ಎರಡೂ ಒಂದಕ್ಕೊಂದು ಹೊಂದುವುದಿಲ್ಲ.

ದೀಪಾವಳಿಯ ಆಸುಪಾಸಿನಲ್ಲಿ, ನವೆಂಬರ್ ಮೊದಲ ವಾರ, ಈ ಭಾಗದಲ್ಲಿ ಹುಟ್ಟಿದ ಒಂದು ಕೂಸಿನ ಲೆಕ್ಕ ಹಾಕಿ. ಹುಟ್ಟಿದ ಕೂಡಲೇ ಕ್ಷಯದ ವಿರುದ್ಧ ಬಿಸಿಜಿ, ಪೋಲಿಯೊ ಹನಿ, ಇಪ್ಪತ್ನಾಲ್ಕು ಗಂಟೆಯೊಳಗೆ ಹೆಪಟೈಟಿಸ್ ಬಿ ಸಿಗಬೇಕು. ಹೆರಿಗೆ ಆಸ್ಪತ್ರೆಯಲ್ಲಾದರೆ ಇವು ತಪ್ಪುವುದು ಕಡಿಮೆ. ಆರನೇ ವಾರದ ಸೂಜಿ ಡಿಸೆಂಬರ್ ನಡುವಿಗೆ, ಅಂದರೆ ತೊಗರಿ ಕೊಯ್ಲಿನ ಭರಾಟೆಯಲ್ಲಿ ಬರುತ್ತದೆ. ಹತ್ತನೇ ವಾರದ್ದು ಜನವರಿಯಲ್ಲಿ, ರಾಶಿಯ ಹೊತ್ತಿಗೆ. ಹದಿನಾಲ್ಕನೇ ವಾರದ್ದು ಫೆಬ್ರುವರಿಯಲ್ಲಿ. ಅಷ್ಟು ಹೊತ್ತಿಗೆ ಕೂಸು ಪುಣೆಯ ಯಾವುದೋ ಕಟ್ಟಡದ ಬುಡದಲ್ಲಿರುತ್ತದೆ. ಒಂಬತ್ತು ತಿಂಗಳು ತುಂಬುವಾಗ ಆಗಸ್ಟ್. ಮುಂಗಾರು ಬಿತ್ತನೆಗೆ ಊರಿಗೆ ಮರಳಿದ್ದರೆ ದಡಾರದ ಮೊದಲ ಲಸಿಕೆ ಸಿಗುತ್ತದೆ. ಎರಡನೆಯದರ ಅವಧಿ ಹದಿನಾರನೇ ತಿಂಗಳಿಗೆ ತೆರೆದುಕೊಳ್ಳುತ್ತದೆ. ಅದು ಮಾರ್ಚ್, ಮತ್ತೆ ಗುಳೆಯ ಕಾಲ.

ಈ ಕೂಸಿನ ತಂದೆತಾಯಿ ಲಸಿಕೆಯನ್ನು ಒಮ್ಮೆಯೂ ಬೇಡವೆಂದಿಲ್ಲ. ಆದರೂ ಮೂರು ಡೋಸಿನ ಜಾಗದಲ್ಲಿ ಒಂದೇ ಆಗಿರುತ್ತದೆ.

ದೇಶದ ಸಾರ್ವತ್ರಿಕ ಲಸಿಕಾ ಕಾರ್ಯಕ್ರಮಕ್ಕೆ ಆ ಹೆಸರು ಬಂದದ್ದು 1985ರಲ್ಲಿ. ಅದಕ್ಕೂ ಮೊದಲು 1978ರಿಂದ ಸಣ್ಣ ಪ್ರಮಾಣದಲ್ಲಿ ನಡೆಯುತ್ತಿತ್ತು. ಈಗ ವರ್ಷಕ್ಕೆ ಸುಮಾರು 2.6 ಕೋಟಿ ಶಿಶುಗಳನ್ನು ಮುಟ್ಟುವ ಗುರಿ ಅದಕ್ಕಿದೆ. ಗಂಟಲುಮಾರಿ, ನಾಯಿಕೆಮ್ಮು, ಧನುರ್ವಾಯು, ಪೋಲಿಯೊ, ದಡಾರ, ರುಬೆಲ್ಲಾ, ಮಕ್ಕಳ ತೀವ್ರ ಕ್ಷಯ, ಹೆಪಟೈಟಿಸ್ ಬಿ, ಎರಡು ಬಗೆಯ ಸೂಕ್ಷ್ಮಾಣುಗಳಿಂದ ಬರುವ ನ್ಯುಮೋನಿಯಾ ಮತ್ತು ಮಿದುಳಿನ ಪೊರೆಯ ಉರಿಯೂತ, ರೋಟಾ ವೈರಸ್ಸಿನ ಭೇದಿ, ಹೀಗೆ ಪಟ್ಟಿ ಬೆಳೆದಿದೆ. ಕೆಲವು ಜಿಲ್ಲೆಗಳಿಗೆ ಜಪಾನೀಸ್ ಎನ್ಸೆಫಲೈಟಿಸ್, ಅಂದರೆ ಸೊಳ್ಳೆಯಿಂದ ಹರಡುವ ಮಿದುಳುಜ್ವರದ ಲಸಿಕೆಯೂ ಸೇರುತ್ತದೆ. 2022ರ ಡಿಸೆಂಬರಿನಲ್ಲಿ ಕರ್ನಾಟಕದ ಹತ್ತು ಜಿಲ್ಲೆಗಳಲ್ಲಿ 1ರಿಂದ 15 ವರ್ಷದ ಮಕ್ಕಳಿಗೆ ಇದನ್ನು ಅಭಿಯಾನದ ರೂಪದಲ್ಲಿ ಹಾಕಿದಾಗ ಕಲಬುರಗಿಯೂ ಆ ಹತ್ತರಲ್ಲಿತ್ತು. ಎಲ್ಲವೂ ಉಚಿತ. ಖಾಸಗಿಯಲ್ಲಿ ಸಾವಿರಾರು ರೂಪಾಯಿ ಬೀಳುವ ನ್ಯುಮೋಕಾಕಲ್ ಲಸಿಕೆ ಕೂಡ 2021ರಿಂದ ದೇಶದೆಲ್ಲೆಡೆ ಸರ್ಕಾರಿ ದವಾಖಾನೆಯಲ್ಲಿ ಪುಕ್ಕಟೆ ಸಿಗುತ್ತಿದೆ. ಸರ್ಕಾರಿ ಲಸಿಕೆ ಎಂದರೆ ಕಳಪೆ ಎಂದು ಭಾವಿಸುವ ಪಟ್ಟಣದ ತಂದೆತಾಯಿಗಳಿಗೆ ಈ ಸಂಗತಿ ಗೊತ್ತಾಗಬೇಕು.

2014ರ ಡಿಸೆಂಬರಿನಲ್ಲಿ ಕೇಂದ್ರ ಸರ್ಕಾರ ಇಂದ್ರಧನುಷ್ ಅಭಿಯಾನ ಶುರುಮಾಡಿತು. ಅರ್ಧಂಬರ್ಧ ಲಸಿಕೆಯಾದ, ಇಲ್ಲವೇ ಒಂದೂ ಆಗದ ಮಕ್ಕಳು ಹೆಚ್ಚಿರುವ 201 ಜಿಲ್ಲೆಗಳನ್ನು ಮೊದಲ ಹಂತಕ್ಕೆ ಆರಿಸಲಾಯಿತು. ಕರ್ನಾಟಕದಿಂದ ಆ ಪಟ್ಟಿಗೆ ಸೇರಿದವುಗಳಲ್ಲಿ ಕಲಬುರಗಿ, ಯಾದಗಿರಿ, ರಾಯಚೂರು, ಕೊಪ್ಪಳ, ಬಳ್ಳಾರಿ ಇದ್ದವು. ಕಲ್ಯಾಣ ಕರ್ನಾಟಕದ ಬಹುಭಾಗವೇ ಅಲ್ಲಿತ್ತು. ನಂತರದ ವರ್ಷಗಳಲ್ಲಿ ಸುಧಾರಣೆ ಆಗಿರುವುದು ನಿಜ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ರಾಜ್ಯದಲ್ಲಿ ಒಂದರಿಂದ ಎರಡು ವರ್ಷದ ನಡುವಿನ, ಎಲ್ಲ ಮೂಲ ಲಸಿಕೆ ಪಡೆದ ಮಕ್ಕಳ ಪ್ರಮಾಣ 2015-16ರಲ್ಲಿ ಶೇ 62.6 ಇದ್ದದ್ದು 2019-21ರ ಸುತ್ತಿನಲ್ಲಿ ಶೇ 84.1ಕ್ಕೆ ಏರಿತು. ದೇಶದ ಸರಾಸರಿ ಆಗ ಶೇ 76.4. ವಿಶ್ವ ಆರೋಗ್ಯ ಸಂಸ್ಥೆ ಮತ್ತು ಯುನಿಸೆಫ್ ಅಂದಾಜಿನಲ್ಲಿ, ಒಂದೂ ಡೋಸ್ ಸಿಗದ ಭಾರತೀಯ ಮಕ್ಕಳ ಸಂಖ್ಯೆ 2023ರಲ್ಲಿ 16 ಲಕ್ಷ ಇದ್ದದ್ದು 2024ರಲ್ಲಿ 9 ಲಕ್ಷಕ್ಕೆ ಇಳಿದಿದೆ. ಇದು ಹೆಮ್ಮೆಪಡಬೇಕಾದ ಸಾಧನೆಯೇ. ಆದರೆ ನೂರರಲ್ಲಿ ಎಂಬತ್ನಾಲ್ಕು ಮಕ್ಕಳನ್ನು ಮುಟ್ಟಿದ ದಾರಿಯಲ್ಲೇ ಉಳಿದ ಹದಿನಾರನ್ನೂ ಮುಟ್ಟಬಹುದೆಂದು ತಿಳಿದರೆ ತಪ್ಪಾಗುತ್ತದೆ. ಆ ಮಕ್ಕಳು ಬಿಡಿಬಿಡಿಯಾಗಿ ಎಲ್ಲೆಡೆ ಹಂಚಿಹೋಗಿಲ್ಲ. ತಾಂಡಾ, ಇಟ್ಟಿಗೆ ಭಟ್ಟಿ, ಫರ್ಸಿ ಕಲ್ಲಿನ ಗಣಿಯ ಗುಡಿಸಲು, ಸಿಮೆಂಟ್ ಕಾರ್ಖಾನೆಗೆ ಗುತ್ತಿಗೆಯ ಮೇಲೆ ಬಂದ ಹೊರರಾಜ್ಯದವರ ಬಿಡಾರ ಇಂಥ ಕಡೆ ಒಟ್ಟೊಟ್ಟಾಗಿ ಇರುತ್ತಾರೆ. ಲಸಿಕೆಯಾಗದ ಮಕ್ಕಳು ಒಂದೆಡೆ ಸೇರಿದರೆ ರೋಗಕ್ಕೆ ದಾರಿ ತೆರೆದಂತೆಯೇ.

ಇದನ್ನು ಮೊದಲು ತೋರಿಸಿಕೊಡುವುದು ದಡಾರ, ಅಂದರೆ ಈ ಕಡೆಯವರು ಗೊಬ್ಬರ ಎನ್ನುವ ರೋಗ. ರಕ್ಷಣೆಯಿಲ್ಲದ ಹತ್ತು ಮಕ್ಕಳು ಒಬ್ಬ ರೋಗಿಯ ಹತ್ತಿರ ಸುಳಿದರೆ ಒಂಬತ್ತು ಮಂದಿಗೆ ತಗಲಬಲ್ಲ ವೈರಸ್ ಇದು. ರೋಗಿ ಎದ್ದುಹೋದ ಕೋಣೆಯ ಗಾಳಿಯಲ್ಲಿ ಎರಡು ಗಂಟೆಯವರೆಗೂ ಉಳಿಯುತ್ತದೆ. ಹರಡದಂತೆ ತಡೆಯಬೇಕಾದರೆ ನೂರಕ್ಕೆ 95 ಮಕ್ಕಳಿಗೆ ಎರಡೂ ಡೋಸ್ ಆಗಿರಬೇಕು. 2022ರ ಕೊನೆಯಲ್ಲಿ ಮುಂಬೈನ ಗೋವಂಡಿ ಭಾಗದ ಕೊಳೆಗೇರಿಗಳಲ್ಲಿ ದಡಾರ ಹಬ್ಬಿ ಮಕ್ಕಳು ಸತ್ತರು. ಗುಳೆ ಹೋದವರು ನೆಲೆಸುವುದು ಇಂಥದೇ ಬಸ್ತಿಗಳಲ್ಲಿ. ಚಿತ್ತಾಪುರದ ಕೂಸಿಗೆ ಚಿತ್ತಾಪುರದಲ್ಲಿ ತಪ್ಪಿದ ಡೋಸಿನ ಬೆಲೆ ಮುಂಬೈನಲ್ಲಿ ತೆರಬೇಕಾಗಬಹುದು. ಮುಂಬೈನಲ್ಲಿ ಹತ್ತಿದ ರೋಗ ರೈಲಿನಲ್ಲಿ ಊರಿಗೂ ಬರಬಹುದು.

ದಡಾರದ ಜೊತೆಗೇ ಕೊಡುವ ರುಬೆಲ್ಲಾ ಲಸಿಕೆಯ ಕಥೆ ಬೇರೆ. ಮಗುವಿಗೆ ರುಬೆಲ್ಲಾ ಬಂದರೆ ಸಣ್ಣ ಜ್ವರ, ಮೈಮೇಲೆ ಗಂಧೆ, ಅಷ್ಟೇ. ಬಸಿರಿನ ಮೊದಲ ತಿಂಗಳುಗಳಲ್ಲಿ ಹೆಣ್ಣಿಗೆ ತಗಲಿದರೆ ಹುಟ್ಟುವ ಕೂಸಿಗೆ ಕಣ್ಣಿನ ಪೊರೆ, ಕಿವುಡು, ಹೃದಯದ ದೋಷ ಬರಬಹುದು. ಕರ್ನಾಟಕದಲ್ಲಿ ಈ ಜೋಡಿ ಲಸಿಕೆಯ ಅಭಿಯಾನ 2017ರ ಫೆಬ್ರುವರಿಯಲ್ಲಿ ನಡೆಯಿತು. ಒಂಬತ್ತು ತಿಂಗಳಿಂದ ಹದಿನೈದು ವರ್ಷದೊಳಗಿನ ಎಲ್ಲರಿಗೂ, ಶಾಲೆಗೆ ಹೋಗುವವರಿಗೆ ಶಾಲೆಗಳಲ್ಲೇ. ಆಗ ವಾಟ್ಸ್ಆ್ಯಪ್‌ನಲ್ಲಿ ಹರಿದಾಡಿದ ಸುಳ್ಳು ಸಂದೇಶಗಳಿಂದ ಹೆದರಿ ಮಕ್ಕಳನ್ನು ಆ ದಿನ ಶಾಲೆಗೇ ಕಳಿಸದ ಪೋಷಕರಿದ್ದರು. ಬಾಲ್ಯವಿವಾಹ ಇನ್ನೂ ನಿಲ್ಲದ ಸೀಮೆಯಲ್ಲಿ ಹದಿನೆಂಟಕ್ಕೂ ಮೊದಲೇ ಬಸಿರಾಗುವ ಹುಡುಗಿಗೆ ಈ ಲಸಿಕೆ ಎಷ್ಟು ದೊಡ್ಡ ಕಾವಲು ಎಂಬುದನ್ನು ಆ ಸಂದೇಶಗಳು ಹೇಳಲಿಲ್ಲ.

ಸೂಜಿಯ ಹೆದರಿಕೆ ಇಲ್ಲವೆಂದಲ್ಲ. ಆದರೆ ಅದರ ಬೇರು ಹೆಚ್ಚಾಗಿ ಜ್ವರದಲ್ಲಿದೆ, ಕೂಲಿಯಲ್ಲಿದೆ. ಆರನೇ ವಾರ ಕೊಡುವ, ಐದು ರೋಗ ತಡೆಯುವ ಪೆಂಟಾವೇಲೆಂಟ್ ಲಸಿಕೆಯಲ್ಲಿ ನಾಯಿಕೆಮ್ಮಿನ ಅಂಶವಿರುವುದರಿಂದ ಕೂಸಿಗೆ ಒಂದೆರಡು ದಿನ ಜ್ವರ ಬರುವುದು, ತೊಡೆ ಬಾಯುವುದು ಸಹಜ. ಲಸಿಕೆ ಕೆಲಸ ಮಾಡುತ್ತಿದೆ ಎಂಬುದರ ಗುರುತದು. ಕೂಸು ರಾತ್ರಿಯಿಡೀ ಅತ್ತರೆ ತಾಯಿ ಮರುದಿನ ಕೂಲಿಗೆ ಹೋಗುವಂತಿಲ್ಲ. ಹತ್ತನೇ ವಾರ ಆಶಾ ಕಾರ್ಯಕರ್ತೆ ಬಂದು ಕರೆದಾಗ ಅತ್ತೆಗೆ ನೆನಪಾಗುವುದು ಆ ರಾತ್ರಿ, ತಾಯಿಗೆ ನೆನಪಾಗುವುದು ತಪ್ಪಿದ ಪಗಾರ. ಯಾವ ಲಸಿಕೆ ಯಾವ ರೋಗಕ್ಕೆ, ಮುಂದಿನದು ಯಾವಾಗ, ಜ್ವರ ಬಂದರೆ ಏನು ಮಾಡಬೇಕು, ಕಾರ್ಡ್ ಜೋಪಾನವಾಗಿಟ್ಟು ಮುಂದಿನ ಸಲ ತರಬೇಕು ಎಂಬ ನಾಲ್ಕು ಮಾತನ್ನು ಹೇಳಿ, ಅರ್ಧ ಗಂಟೆ ಅಲ್ಲೇ ಕೂರಿಸಿಕೊಂಡು, ಪ್ಯಾರಾಸಿಟಮಾಲ್ ಕೊಟ್ಟು ಕಳಿಸಬೇಕೆಂಬ ನಿಯಮ ಇರುವುದು ಇದಕ್ಕೇ. ಈ ಮಾತು ಅವರ ಭಾಷೆಯಲ್ಲೂ ಇರಬೇಕು. ಕುಂಚಾವರಂ ಸುತ್ತ ತೆಲುಗು, ತಾಂಡಾದಲ್ಲಿ ಲಂಬಾಣಿ, ಶಹಾಬಾದ್ ಮತ್ತು ವಾಡಿಯ ಓಣಿಗಳಲ್ಲಿ ಉರ್ದು. ಕನ್ನಡದ ಭಿತ್ತಿಪತ್ರವೊಂದೇ ಎಲ್ಲರ ಮನೆಗೆ ಮುಟ್ಟುವುದಿಲ್ಲ.

ಲಸಿಕೆಗೂ ಈ ನೆಲದ ಬಿಸಿಲನ್ನು ತಾಳಿಕೊಂಡು ಬರುವ ಕಷ್ಟವಿದೆ. ಸಾಮಾನ್ಯವಾಗಿ ಅದು 2ರಿಂದ 8 ಡಿಗ್ರಿ ಸೆಲ್ಸಿಯಸ್ ನಡುವೆ ಇರಬೇಕು. ಕಲಬುರಗಿಯ ಏಪ್ರಿಲ್, ಮೇ ತಿಂಗಳಲ್ಲಿ ಪಾದರಸ 43 ದಾಟುವುದು ಹೊಸದಲ್ಲ. ಪ್ರಾಥಮಿಕ ಆರೋಗ್ಯ ಕೇಂದ್ರದ ಫ್ರಿಜ್ಜಿನಿಂದ ಹೊರಟ ಸೀಸೆಗಳು ನಾಲ್ಕು ಐಸ್‌ಪ್ಯಾಕ್‌ಗಳ ಡಬ್ಬಿಯಲ್ಲಿ ಕೂತು ಅಂಗನವಾಡಿ ಮುಟ್ಟುತ್ತವೆ. ಪೋಲಿಯೊ ಹನಿಗೆ ಕಾವು ಆಗದು. ಪೆಂಟಾವೇಲೆಂಟ್, ಹೆಪಟೈಟಿಸ್ ಬಿ ಲಸಿಕೆಗಳಿಗೆ ಹೆಪ್ಪುಗಟ್ಟುವುದು ಆಗದು, ಆದ್ದರಿಂದ ಐಸ್ ತುಸು ಕರಗಿದ ಮೇಲೆಯೇ ಡಬ್ಬಿಗೆ ಹಾಕಬೇಕು. ಸೀಸೆಯ ಮೇಲೆ ಒಂದು ವೃತ್ತ, ಒಳಗೊಂದು ಸಣ್ಣ ಚೌಕ ಇರುತ್ತದೆ. ಕಾವು ತಗಲಿದಷ್ಟೂ ಚೌಕದ ಬಣ್ಣ ಗಾಢವಾಗುತ್ತದೆ; ವೃತ್ತದ ಬಣ್ಣಕ್ಕೆ ಸಮನಾದರೆ ಆ ಸೀಸೆ ಬಳಸುವಂತಿಲ್ಲ. ದಡಾರ, ಬಿಸಿಜಿ ಪುಡಿಯನ್ನು ಅದರದರ ದ್ರಾವಕದಲ್ಲಿ ಕಲಸಿದ ಮೇಲೆ ನಾಲ್ಕು ಗಂಟೆಯೊಳಗೆ ಬಳಸಿ ಉಳಿದದ್ದನ್ನು ಚೆಲ್ಲಬೇಕು. ಒಂದೇ ಮಗು ಬಂದರೂ ಸೀಸೆ ಒಡೆಯಬೇಕೆಂಬ ಸೂಚನೆ ಇದೆ, ಚೆಲ್ಲಿದ ಲಸಿಕೆಗಿಂತ ವಾಪಸು ಹೋದ ಮಗುವಿನ ನಷ್ಟ ದೊಡ್ಡದು. ರಾಜ್ಯದಲ್ಲಿ ಗುರುವಾರ ಲಸಿಕೆಯ ದಿನ. ಮಳೆಗಾಲದಲ್ಲಿ ಕಾಗಿಣಾ ತುಂಬಿ ಮಳಖೇಡದ ಸೇತುವೆ ಮೇಲೆ ನೀರು ಹರಿದ ಗುರುವಾರ, ನದಿಯಾಚೆಯ ಹಳ್ಳಿಗಳಿಗೆ ಆ ಡಬ್ಬಿ ಹೋಗುವುದು ಹೇಗೆ ಎಂಬುದನ್ನು ಯೋಜನೆಯ ಹಾಳೆಯಲ್ಲಿ ಮೊದಲೇ ಬರೆದಿಟ್ಟುಕೊಳ್ಳಬೇಕು.

ಲಸಿಕೆ ರೋಗ ಬರುವ ಮುನ್ನಿನ ಕೆಲಸ. ಬಂದಿರುವುದನ್ನು ಬೇಗ ಹಿಡಿಯುವ ಇನ್ನೊಂದು ಕಾರ್ಯಕ್ರಮ 2013ರ ಫೆಬ್ರುವರಿಯಲ್ಲಿ ಶುರುವಾಯಿತು, ಅದೇ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ. ಹುಟ್ಟಿನಿಂದ 18 ವರ್ಷದವರೆಗಿನ ಮಕ್ಕಳಲ್ಲಿ ಹುಟ್ಟುದೋಷ, ಪೌಷ್ಟಿಕಾಂಶದ ಕೊರತೆ, ಕಾಯಿಲೆ, ಬೆಳವಣಿಗೆಯ ವಿಳಂಬ ಈ ನಾಲ್ಕು ಗುಂಪಿನ ಮೂವತ್ತರಷ್ಟು ತೊಂದರೆಗಳನ್ನು ತಪಾಸಣೆಯಲ್ಲಿ ಗುರುತಿಸುವುದು ಅದರ ಕೆಲಸ. ಇಬ್ಬರು ಆಯುಷ್ ವೈದ್ಯರು, ಒಬ್ಬ ನರ್ಸ್, ಒಬ್ಬ ಔಷಧ ವಿತರಕರು ಇರುವ ತಂಡ ಜೀಪಿನಲ್ಲಿ ಅಂಗನವಾಡಿಗೆ ವರ್ಷಕ್ಕೆ ಎರಡು ಸಲ, ಸರ್ಕಾರಿ ಶಾಲೆಗೆ ಒಂದು ಸಲ ಬರಬೇಕು. ಸೀಳುತುಟಿ, ಸೊಟ್ಟಪಾದ, ಹೃದಯದ ರಂಧ್ರ, ಕಿವುಡು, ಇರುಳುಗಣ್ಣು, ಹಲ್ಲಿನ ಹುಳುಕು, ಕಪ್ಪು ಹಲಗೆ ಕಾಣದೆ ದಡ್ಡನೆಂದು ಬೈಸಿಕೊಳ್ಳುವ ಹುಡುಗನ ಮಂದದೃಷ್ಟಿ ಇವೆಲ್ಲ ಅಲ್ಲಿ ಹೊರಬೀಳುತ್ತವೆ. ಸೋದರಮಾವನಿಗೋ ಅತ್ತೆಯ ಮಗನಿಗೋ ಹೆಣ್ಣು ಕೊಡುವ ವಾಡಿಕೆ ಬಲವಾಗಿರುವ ಈ ಭಾಗದಲ್ಲಿ ಹುಟ್ಟುಕಿವುಡಿನಂಥ ದೋಷಗಳ ತಪಾಸಣೆ ಇನ್ನೂ ಮುಖ್ಯ. ಕಿವಿ ಕೇಳದಿರುವುದು ಮೊದಲ ವರ್ಷವೇ ಗೊತ್ತಾದರೆ ಮಗು ಮಾತು ಕಲಿಯಬಲ್ಲದು. ಐದು ವರ್ಷ ದಾಟಿದ ಮೇಲೆ ಗೊತ್ತಾದರೆ ಮಾತಿನ ಕಾಲವೇ ಹೋಗಿರುತ್ತದೆ.

ಇಲ್ಲಿ ನಿಜವಾದ ಪರೀಕ್ಷೆ ಶುರುವಾಗುವುದು ಕಂಡುಹಿಡಿದ ಮೇಲೆ. ಸೊಟ್ಟಪಾದದ ಚಿಕಿತ್ಸೆಯನ್ನೇ ನೋಡಿ. ಹುಟ್ಟಿದ ಕೆಲವೇ ವಾರಗಳಲ್ಲಿ ಆರಂಭಿಸಿ, ವಾರಕ್ಕೊಮ್ಮೆ ಪ್ಲಾಸ್ಟರ್ ಬದಲಿಸುತ್ತ ಐದಾರು ವಾರ ಹೋದರೆ ಪಾದ ಬಹುಪಾಲು ನೆಟ್ಟಗಾಗುತ್ತದೆ, ದೊಡ್ಡ ಶಸ್ತ್ರಚಿಕಿತ್ಸೆ ಬೇಕಾಗುವುದಿಲ್ಲ. ಆಮೇಲೆ ವರ್ಷಗಟ್ಟಲೆ ರಾತ್ರಿ ವಿಶೇಷ ಬೂಟು ತೊಡಿಸಬೇಕು. ಚಿಂಚೋಳಿಯ ಒಳಗಿನ ತಾಂಡಾದಿಂದ ಕಲಬುರಗಿಗೆ ವಾರಕ್ಕೊಮ್ಮೆ ಬರಲು ತಾಯಿಯ ಬಸ್ಸಿನ ಚಾರ್ಜು ಉಳಿದರೂ ದಿನದ ಕೂಲಿ ಉಳಿಯದು. ತೀವ್ರ ಅಪೌಷ್ಟಿಕತೆಯ ಮಗುವಿಗೂ ಇದೇ ಕಥೆ. ತೋಳಿನ ಸುತ್ತಳತೆ 11.5 ಸೆಂಟಿಮೀಟರಿಗಿಂತ ಕಡಿಮೆ ಬಂದರೆ ಪೌಷ್ಟಿಕ ಪುನಶ್ಚೇತನ ಕೇಂದ್ರದಲ್ಲಿ ಸುಮಾರು 14 ದಿನ ತಾಯಿಯೊಂದಿಗೆ ಇರಿಸಿಕೊಳ್ಳುತ್ತಾರೆ; ತಾಯಿಗೆ ಕೂಲಿ ಪರಿಹಾರವೂ ಉಂಟು. ಆದರೂ ಮನೆಯಲ್ಲಿ ಉಳಿದ ಎರಡು ಮಕ್ಕಳನ್ನು ನೋಡಿಕೊಳ್ಳುವವರು ಯಾರು ಎಂಬ ಪ್ರಶ್ನೆಗೆ ಸರ್ಕಾರಿ ಆದೇಶದಲ್ಲಿ ಉತ್ತರವಿಲ್ಲ. ತಪಾಸಣೆಯ ವರದಿಗಳಲ್ಲಿ ಎಷ್ಟು ಮಕ್ಕಳನ್ನು ನೋಡಿದೆವು, ಎಷ್ಟು ಮಂದಿಯನ್ನು ಮೇಲಿನ ಆಸ್ಪತ್ರೆಗೆ ಬರೆದುಕೊಟ್ಟೆವು ಎಂಬ ಲೆಕ್ಕ ಎದ್ದು ಕಾಣುತ್ತದೆ. ಬರೆದುಕೊಟ್ಟವರಲ್ಲಿ ಎಷ್ಟು ಮಂದಿ ನಿಜಕ್ಕೂ ಚಿಕಿತ್ಸೆ ಮುಗಿಸಿ ಬಂದರು ಎಂಬುದೇ ಮೊದಲ ಸಾಲಿನಲ್ಲಿರಬೇಕಾದ ಲೆಕ್ಕ. ಕಲಬುರಗಿಯಲ್ಲೇ ಈಗ ಜಿಮ್ಸ್, ಇಎಸ್ಐ ವೈದ್ಯಕೀಯ ಕಾಲೇಜು ಇವೆ. 2024ರ ಡಿಸೆಂಬರಿನಲ್ಲಿ ಜಯದೇವ ಹೃದ್ರೋಗ ಸಂಸ್ಥೆಯ 371 ಹಾಸಿಗೆಯ ಆಸ್ಪತ್ರೆ ಉದ್ಘಾಟನೆಯಾಗಿದೆ. ದೊಡ್ಡ ಆಸ್ಪತ್ರೆ ಹತ್ತಿರ ಬಂದಿದೆ. ತಾಂಡಾದಿಂದ ಅಲ್ಲಿಯವರೆಗಿನ ದಾರಿಯನ್ನು ಕೈಹಿಡಿದು ದಾಟಿಸುವವರು ಬೇಕಾಗಿದ್ದಾರೆ.

ರಕ್ತಹೀನತೆಯ ವಿಷಯದಲ್ಲಿ ಮಾತ್ರ ರಾಜ್ಯ ಹಿಂದಕ್ಕೆ ಜಾರಿದೆ. ಆರು ತಿಂಗಳಿಂದ ಐದು ವರ್ಷದೊಳಗಿನ ಮಕ್ಕಳಲ್ಲಿ ಅದರ ಪ್ರಮಾಣ ರಾಜ್ಯದಲ್ಲಿ ಶೇ 60.9ರಿಂದ ಶೇ 65.5ಕ್ಕೆ ಏರಿದೆ. ಲಸಿಕೆಯ ಸಂಖ್ಯೆ ಮೇಲೇರಿದ ಅದೇ ಸಮೀಕ್ಷೆ, ಅದೇ ವರ್ಷಗಳು. ಪುಟ್ಟ ಮಕ್ಕಳಿಗೆ ವಾರಕ್ಕೆರಡು ಸಲ ಕಬ್ಬಿಣಾಂಶದ ಸಿರಪ್, ಐದರಿಂದ ಒಂಬತ್ತರವರಿಗೆ ಗುಲಾಬಿ ಬಣ್ಣದ ಗುಳಿಗೆ, ಹದಿಹರೆಯದವರಿಗೆ ನೀಲಿ ಗುಳಿಗೆ, ಫೆಬ್ರುವರಿ ಮತ್ತು ಆಗಸ್ಟ್ 10ರ ಆಸುಪಾಸಿನಲ್ಲಿ ಜಂತುಹುಳುವಿನ ಅಲ್ಬೆಂಡಜೋಲ್ ಇವೆಲ್ಲ ಇವೆ. ಫೆಬ್ರುವರಿಯ ಸುತ್ತು ಗುಳೆಯ ನಡುವೆಯೇ ಬೀಳುತ್ತದೆ ಎಂಬುದನ್ನೂ ಗಮನಿಸಬೇಕು. 2021ರ ಡಿಸೆಂಬರಿನಿಂದ ಕಲಬುರಗಿ ಸೇರಿ ಏಳು ಜಿಲ್ಲೆಗಳ ಶಾಲೆಗಳಲ್ಲಿ ಬಿಸಿಯೂಟಕ್ಕೆ ಮೊಟ್ಟೆ ಸೇರಿದ್ದು, ವಿರೋಧ ದಾಟಿ ಬಂದ ಒಳ್ಳೆಯ ಹೆಜ್ಜೆ. ದೇಶಕ್ಕೆಲ್ಲ ತೊಗರಿಬೇಳೆ ಕಳಿಸುವ ಜಿಲ್ಲೆಯ ಮಕ್ಕಳ ತಟ್ಟೆಯಲ್ಲಿ ಪ್ರೋಟೀನು ಕಡಿಮೆಯಿರುವುದು ನೋವಿನ ಸಂಗತಿ.

ಇನ್ನೊಂದು ಓಡಾಟವಿದೆ, ಅದು ತವರಿನದು. ಚೊಚ್ಚಲ ಹೆರಿಗೆ ತವರಲ್ಲೇ ಆಗಬೇಕು. ಸೇಡಂ, ಚಿಂಚೋಳಿಯ ಎಷ್ಟೋ ಸೊಸೆಯಂದಿರ ತವರು ತೆಲಂಗಾಣದಲ್ಲಿ. ಕೂಸಿಗೆ ಬಿಸಿಜಿ ಅಲ್ಲಿ, ಹತ್ತನೇ ವಾರದ್ದು ಎಲ್ಲಿ ಎಂಬುದು ಯಾರಿಗೂ ಖಚಿತವಿಲ್ಲ, ಮೂರು ಇಲ್ಲವೇ ಐದನೇ ತಿಂಗಳಲ್ಲಿ ಗಂಡನ ಮನೆ. ಎರಡೂ ಕಡೆಯ ಆಶಾ ಕಾರ್ಯಕರ್ತೆಯರು ಆ ಕೂಸು ಇನ್ನೊಂದು ಕಡೆ ಇದೆ ಎಂದುಕೊಂಡಿರುತ್ತಾರೆ. ಮಗುವೊಂದರ ಮೊದಲ ವರ್ಷದ ಲಸಿಕೆಗಳೆಲ್ಲ ಪೂರ್ಣವಾದರೆ ಆಶಾಗೆ ಸಿಗುವ ಪ್ರೋತ್ಸಾಹಧನ 100 ರೂಪಾಯಿ. ಅರ್ಧಕ್ಕೆ ಊರು ಬಿಟ್ಟ ಮಗುವಿಗಾಗಿ ಆಕೆ ಹತ್ತು ಸಲ ಫೋನು ಮಾಡಿದರೂ ಅದಕ್ಕೆ ಲೆಕ್ಕವಿಲ್ಲ. ದೇಶದ ಯಾವ ಮೂಲೆಯಲ್ಲಿ ಹಾಕಿಸಿದರೂ ಮಗುವಿನ ದಾಖಲೆ ಒಂದೆಡೆ ಸಿಗುವಂತೆ ಮಾಡುವ ಯು-ವಿನ್ ತಂತ್ರಾಂಶ ಬಂದಿದೆ. ಅದರ ನಿಜವಾದ ಉಪಯೋಗ ಇಂಥ ಮಕ್ಕಳಿಗೇ ಆಗಬೇಕು. ಆದರೆ ತಂತ್ರಾಂಶ ತಾನಾಗಿ ಮಗುವನ್ನು ಹುಡುಕಿಕೊಂಡು ಹೋಗದು. ಕಟ್ಟಡದ ಮೇಸ್ತ್ರಿಯ ಫೋನ್ ನಂಬರ್, ಹೋಗುವ ಊರಿನ ಹೆಸರು, ಮರಳುವ ತಿಂಗಳು ಇಷ್ಟನ್ನು ಹೊರಡುವ ಮುನ್ನ ಬರೆದಿಟ್ಟುಕೊಳ್ಳುವ ಮನುಷ್ಯರು ಬೇಕು.

ಮಾಡಬಹುದಾದ ಕೆಲಸ ದೊಡ್ಡ ಖರ್ಚಿನದೇನೂ ಅಲ್ಲ. ಕೊಯ್ಲು, ರಾಶಿ ನಡೆಯುವ ಡಿಸೆಂಬರ್, ಜನವರಿಯಲ್ಲಿ, ಗುಳೆಯ ಮುನ್ನ, ಪ್ರತಿ ತಾಂಡಾದಲ್ಲೂ ಒಂದು ವಿಶೇಷ ಸುತ್ತು. ಕೂಲಿಯಿಂದ ಮರಳಿದ ಸಂಜೆಯ ಹೊತ್ತಿನಲ್ಲಿ. ಮತ್ತೆ ಜೂನ್, ಜುಲೈನಲ್ಲಿ ಮರಳಿದವರಿಗೆ ಇನ್ನೊಂದು, ಲಸಿಕೆಯ ಜೊತೆಗೇ ಮಕ್ಕಳ ಆರೋಗ್ಯ ತಪಾಸಣೆಯ ತಂಡವೂ ಅದೇ ದಿನ ಬರುವಂತೆ. ಹೊರಡುವವರ ಕೈಯಲ್ಲಿ ಕಾರ್ಡ್ ಇದೆಯೇ ಎಂದು ನೋಡಿ, “ಕಾರ್ಡ್ ಕೂಡ ಒಯ್ರಿ ಯವ್ವಾ, ಅಲ್ಲಿ ಸರ್ಕಾರಿ ದವಾಖಾನ್ಯಾಗ ತೋರಸ್ರಿ” ಎಂದು ಹೇಳಿ ಕಳಿಸುವುದು.

ತಡವಾಯಿತೆಂದು ಬಿಟ್ಟುಬಿಟ್ಟ ತಂದೆತಾಯಿಗಳಿಗೆ ಒಂದು ಸಂಗತಿ ತಿಳಿದಿರಲಿ. ತಪ್ಪಿದ ಡೋಸಿಗಾಗಿ ಮೊದಲಿನಿಂದ ಶುರುಮಾಡಬೇಕಿಲ್ಲ, ನಿಂತಲ್ಲಿಂದ ಮುಂದುವರಿಸಿದರೆ ಸಾಕು. ಪೆಂಟಾವೇಲೆಂಟ್ ಒಂದು ವರ್ಷದೊಳಗೆ ಒಮ್ಮೆಯಾದರೂ ಬಿದ್ದಿದ್ದರೆ ಉಳಿದದ್ದನ್ನು ಆಮೇಲೂ ಪೂರ್ತಿಮಾಡಬಹುದು. ಬಿಸಿಜಿ ಒಂದು ವರ್ಷದವರೆಗೆ, ದಡಾರ-ರುಬೆಲ್ಲಾ ಮತ್ತು ಪೋಲಿಯೊ ಹನಿ ಐದು ವರ್ಷದವರೆಗೆ, ಗಂಟಲುಮಾರಿ-ನಾಯಿಕೆಮ್ಮು-ಧನುರ್ವಾಯುವಿನ ಲಸಿಕೆ ಏಳು ವರ್ಷದವರೆಗೆ ಸಿಗುತ್ತವೆ. ಮುಂದೆ ಹತ್ತು ಮತ್ತು ಹದಿನಾರನೇ ವಯಸ್ಸಿಗೆ ಧನುರ್ವಾಯು-ಗಂಟಲುಮಾರಿಯ ಟಿಡಿ ಲಸಿಕೆ ಇದೆ. ಶಾಲೆ ಬಿಟ್ಟ ಹುಡುಗ ಹುಡುಗಿಯರೂ ಅದನ್ನು ಕೇಳಿ ಹಾಕಿಸಿಕೊಳ್ಳಬಹುದು. ಪುಣೆಯಲ್ಲಿದ್ದರೆ ಪುಣೆಯಲ್ಲಿ, ಹೈದರಾಬಾದಿನಲ್ಲಿದ್ದರೆ ಹೈದರಾಬಾದಿನಲ್ಲಿ, ಹತ್ತಿರದ ಸರ್ಕಾರಿ ಆರೋಗ್ಯ ಕೇಂದ್ರದಲ್ಲಿ ಪುಕ್ಕಟೆಯಾಗಿ. ಊರಿನ ವಿಳಾಸ ಬೇರೆಯೆಂಬ ಕಾರಣಕ್ಕೆ ಯಾವ ಕೇಂದ್ರವೂ ಮಗುವನ್ನು ವಾಪಸು ಕಳಿಸಬಾರದು.